ಆಟಿಸಂ ಇರುವ ಮಕ್ಕಳು, ಅವರ ಕೈಕೆಲಸ ಮತ್ತು ನಮ್ಮ ಅರ್ಜಿ ನಮೂನೆ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿಶೇಷ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ. ಅವರು ನಮ್ಮ ಟ್ರಸ್ಟಿನ ಹಳೆಯ ವಿದ್ಯಾರ್ಥಿವೇತನ ಫಲಾನುಭವಿ.)



ಪಿಯುಸಿ ಎರಡನೇ ವರ್ಷದಲ್ಲಿ ನಾನೂ ನಿಮ್ಮ ಹಾಗೆಯೇ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ. ಆಮೇಲೆ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಿದೆ. ಆ ಎರಡು ವರ್ಷದ ಫೀಸಿನಲ್ಲಿ ದೊಡ್ಡ ಪಾಲು ಈ ಟ್ರಸ್ಟಿನದು. ಈಗ ಬಾಗಲಕೋಟೆಯಲ್ಲಿ ಅಂಗವಿಕಲ ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ಮನೆ ಇಳಕಲ್‌ನಲ್ಲಿ. ಮನೆಯಲ್ಲಿ ತಂದೆ, ತಾಯಿ, ಎರಡು ಕೈಮಗ್ಗ, ಮತ್ತೆ ನನ್ನ ತಮ್ಮ. ಅವನಿಗೆ ಈಗ ಇಪ್ಪತ್ತಾರು. ಅವನಿಗೆ ಆಟಿಸಂ ಇದೆ. ಅವನು ಇವತ್ತು ಬಂದಿಲ್ಲ. ಮೈಕು ಕುಂಯ್ ಅಂದರೆ ಅವನಿಗೆ ತಡೆಯಲು ಆಗುವುದಿಲ್ಲ. ಅವನ ವಿಷಯ ಇಲ್ಲಿ ಹೇಳಲೇ ಎಂದು ಅವನ ಪದ್ಧತಿಯಲ್ಲೇ, ಚಿತ್ರದ ಕಾರ್ಡು ತೋರಿಸಿ ಕೇಳಿದೆ. ಹೂಂ ಎನ್ನುವ ಕಾರ್ಡು ಮುಂದಿಟ್ಟ. ಉಳಿದ ಇಬ್ಬರು ಮಕ್ಕಳ ವಿಷಯವನ್ನೂ ಅವರ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತೇನೆ. ಹೆಸರು ಮಾತ್ರ ಹೇಳುವುದಿಲ್ಲ.

ಕಾರ್ಯದರ್ಶಿಯವರು ನನಗೆ ಕೊಟ್ಟ ವಿಷಯ "ಆಟಿಸಂ ಮಕ್ಕಳ ಪ್ರತಿಭೆ". ಆ ಪ್ರತಿಭೆ ಎಂಬ ಶಬ್ದದ ಬಗ್ಗೆಯೇ ನನಗೆ ಸ್ವಲ್ಪ ತಕರಾರಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಟಿಸಂ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ.

ಇದು ರೋಗವಲ್ಲ, ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಹುಟ್ಟಿನಿಂದ ಇರುವ ಒಂದು ವ್ಯತ್ಯಾಸ. ಅಂಥವರಿಗೆ ಜನರ ಜೊತೆ ಮಾತು, ನೋಟ, ಸನ್ನೆಗಳ ಲೆಕ್ಕಾಚಾರ ನಮ್ಮಂತೆ ಸಲೀಸಾಗಿ ಬರುವುದಿಲ್ಲ. ಒಂದೇ ಕ್ರಮ, ಒಂದೇ ದಾರಿ, ಒಂದೇ ವಸ್ತು ಬೇಕೆನಿಸುತ್ತದೆ. ಸಪ್ಪಳ, ಬೆಳಕು, ಬಟ್ಟೆಯ ಮುಟ್ಟು, ಊಟದ ವಾಸನೆ ನಮಗಿಂತ ಹೆಚ್ಚಾಗಿ ಅಥವಾ ಕಡಿಮೆಯಾಗಿ ತಟ್ಟುತ್ತವೆ. ಕೆಲವರು ಚೆನ್ನಾಗಿ ಓದಿ ಎಂಜಿನಿಯರ್ ಆಗುತ್ತಾರೆ, ಕೆಲವರಿಗೆ ಜೀವನಪೂರ್ತಿ ಮಾತೇ ಬರುವುದಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಗಮನಿಸಿ ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಕನ್ನಡದಲ್ಲಿ ಇದಕ್ಕೆ "ಸ್ವಲೀನತೆ" ಎನ್ನುತ್ತಾರೆ, ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. ಈ ಶಬ್ದ ನನಗೆ ಹಿಡಿಸುವುದಿಲ್ಲ. ನನ್ನ ತಮ್ಮ ತನ್ನಲ್ಲಿ ಲೀನವಾಗಿರುವುದನ್ನು ನಾನು ನೋಡಿಲ್ಲ. ನೂಲಿನಲ್ಲಿ ಲೀನವಾಗಿರುತ್ತಾನೆ, ನೀರಿನಲ್ಲಿ ಲೀನವಾಗಿರುತ್ತಾನೆ. ಹಾಗಾಗಿ ಆಟಿಸಂ ಎಂದೇ ಹೇಳುತ್ತೇನೆ.

ಈಗ ಪ್ರತಿಭೆಯ ಮಾತು. 2010ರಲ್ಲಿ ಶಾರುಖ್ ಖಾನ್ ಅವರ "ಮೈ ನೇಮ್ ಈಸ್ ಖಾನ್" ಬಂತು. ನಮ್ಮ ಓಣಿಯಲ್ಲಿ ಎಲ್ಲರೂ ನೋಡಿದರು. ಅದರಲ್ಲಿ ರಿಜ್ವಾನ್ ಖಾನ್ ಕೆಟ್ಟ ಯಾವ ಯಂತ್ರವನ್ನಾದರೂ ರಿಪೇರಿ ಮಾಡುತ್ತಾನೆ. ಅವತ್ತಿನಿಂದ ಮನೆಗೆ ಬಂದವರೆಲ್ಲ ತಮ್ಮನನ್ನು ನೋಡಿ, "ಇವಗ ಏನ್ ವಿಶೇಷ ಬರ್ತೈತಿ?" ಎಂದು ಕೇಳತೊಡಗಿದರು. ಒಬ್ಬರಂತೂ ಕೆಟ್ಟ ಮಿಕ್ಸರ್ ತಂದು ಅವನ ಮುಂದೆ ಇಟ್ಟರು. ಅವನು ಅದರ ಮುಚ್ಚಳ ತೆಗೆದು ಮೂಸಿ ನೋಡಿ ವಾಪಸ್ ಕೊಟ್ಟ.

ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಎಂಬ ಕಲಾವಿದರಿದ್ದಾರೆ. ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹಾಕಿ ಬಂದು ಇಡೀ ನಗರವನ್ನು ನೆನಪಿನಿಂದ ಬರೆಯುತ್ತಾರೆ. ಅವರಿಗೆ ಆಟಿಸಂ ಇದೆ, ಅದು ನಿಜ. ಆದರೆ ಅಂಥವರು ಬಹಳ ಕಡಿಮೆ. ದಾನಿಗಳ ಮುಂದೆ ಅಂಥವರ ವಿಡಿಯೋ ತೋರಿಸಿದರೆ ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆಯಿಂದ ಹುನಗುಂದದ, ಬಾದಾಮಿಯ ತಾಯಂದಿರಿಗೆ ಏನಾಗುತ್ತದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. "ನನ್ನ ಮಗನಿಗೆ ಅದೂ ಇಲ್ಲ" ಎಂದು ಅವರು ಇನ್ನೊಮ್ಮೆ ಸೋಲುತ್ತಾರೆ. ಮೊದಲು ಮಾತು ಬರಲಿಲ್ಲ ಎಂದು ಸೋತಿದ್ದರು, ಈಗ ಪವಾಡ ಬರಲಿಲ್ಲ ಎಂದು.

ಹಾಗಾದರೆ ಈ ಮಕ್ಕಳಲ್ಲಿ ಸೃಜನಶೀಲತೆ ಇಲ್ಲವೇ? ಇದೆ. ಅದು ನಾವು ಹುಡುಕುವ ಜಾಗದಲ್ಲಿ ಇರುವುದಿಲ್ಲ, ಅಷ್ಟೇ.

ನನ್ನ ತಮ್ಮನ ಕೆಲಸ ಕಂಡಿಕೆ ಸುತ್ತುವುದು. ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಚಿಕ್ಕ ಕಡ್ಡಿಗೆ ಕಂಡಿಕೆ ಎನ್ನುತ್ತೇವೆ, ಇಳಕಲ್‌ನವರಿಗೆ ಇದನ್ನು ಹೇಳಬೇಕಿಲ್ಲ. ನಮ್ಮ ಎರಡು ಮಗ್ಗಕ್ಕೂ, ಪಕ್ಕದ ಮನೆಯ ಮಗ್ಗಕ್ಕೂ ಅವನೇ ಸುತ್ತುತ್ತಾನೆ. ಬೆಳಿಗ್ಗೆ ಮಾತ್ರ. ಜೊಹರ್ ಅಜಾನ್ ಆದ ಕೂಡಲೇ ನಿಲ್ಲಿಸುತ್ತಾನೆ. ನಮ್ಮ ಕಡೆ ಮೂರು ಮಸೀದಿಗಳ ಅಜಾನ್ ಕೇಳಿಸುತ್ತದೆ, ಒಂದೊಂದಕ್ಕೂ ಒಂದೆರಡು ನಿಮಿಷ ಹಿಂದೆ ಮುಂದೆ. ಅವನು ಮೂರನೆಯದು ಮುಗಿಯುವವರೆಗೆ ಕಾದು, ಆಮೇಲೆ ಏಳುತ್ತಾನೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದ ಪ್ರತಿ ಸೀರೆಗೂ ಮಗ್ಗ ಹೊಸದಾಗಿ ಶುರುವಾಗುತ್ತದೆ, ಪ್ರತಿ ಸೀರೆಯ ಕೊನೆಗೂ ತುಂಡು ನೂಲು ಉಳಿಯುತ್ತದೆ. ತಮ್ಮ ಆ ತುಂಡುಗಳನ್ನು ತೆಗೆದುಕೊಂಡು ಕಿಟಕಿಯ ಸಲಾಕೆಗೆ ಕಟ್ಟುತ್ತಾನೆ. ಒಡಲಿನ ಬಣ್ಣ ಒಂದು ಗಂಟು, ದಡಿಯ ಬಣ್ಣ ಒಂದು ಗಂಟು, ಆಮೇಲೆ ಸೆರಗಿನ ಕೆಂಪು ಒಂದು ಗಂಟು. ಮತ್ತೆ ಮುಂದಿನ ಸೀರೆ. ಗಂಟಿಗೆ ಗಂಟು ತಾಗಿಕೊಂಡೇ ಇರುತ್ತದೆ, ನಡುವೆ ಕಬ್ಬಿಣ ಕಾಣುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗುತ್ತಾನೆ, ಒಂದು ಸಲಾಕೆ ತುಂಬಿದರೆ ಮುಂದಿನದು. ಹೊರಗಿನವರಿಗೆ ಅದು ಕಸ. ಹತ್ತಿರ ನಿಂತು ನೋಡಿದರೆ ನಮ್ಮ ತಂದೆ ಇಷ್ಟು ವರ್ಷ ನೇಯ್ದ ಸೀರೆಗಳೆಲ್ಲ ಸಾಲಾಗಿ ಅಲ್ಲಿವೆ.

ಒಮ್ಮೆ ಗಿರಾಕಿಯೊಬ್ಬರು ಬಂದು, ಹಿಂದಿನ ವರ್ಷ ತಂಗಿಗೆ ಕೊಂಡಂಥದೇ ಬಣ್ಣ ಬೇಕು ಎಂದರು. ತಂದೆ ಕಿಟಕಿಯ ಹತ್ತಿರ ಹೋಗಿ ಹುಡುಕಿ ಬಣ್ಣ ಹೇಳಿದರು. ಈ ಕತೆ ಹೇಳಿದಾಗಲೆಲ್ಲ ಕೇಳಿದವರ ಮುಖ ಅರಳುತ್ತದೆ. ಅಬ್ಬಾ, ಉಪಯೋಗಕ್ಕೆ ಬಂತಲ್ಲ! ಆದರೆ ಅದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಆ ಗಿರಾಕಿ ಬಾರದೇ ಇದ್ದರೂ ಆ ಸಲಾಕೆಗಳು ಹಾಗೆಯೇ ಇರುತ್ತಿದ್ದವು. ಒಂದು ಈದ್‌ನ ಹಿಂದಿನ ದಿನ ಮನೆ ಸ್ವಚ್ಛ ಮಾಡಲು ಬಂದ ನೆಂಟರೊಬ್ಬರು ಒಂದು ಸಲಾಕೆಯನ್ನು ಕತ್ತರಿಯಿಂದ ಬಿಡಿಸಿಬಿಟ್ಟರು. ಅವನು ಚೀರಲಿಲ್ಲ. ಎರಡು ದಿನ ಬರೀ ಕಬ್ಬಿಣವನ್ನು ಬೆರಳಿನಿಂದ ಮೇಲಿಂದ ಕೆಳಕ್ಕೆ ಸವರುತ್ತ ನಿಂತ. ಮೂರನೆಯ ದಿನ ಅದೇ ಸಲಾಕೆಗೆ ಮತ್ತೆ ಕಟ್ಟಲು ಶುರು ಮಾಡಿದ. ಈ ಸಲ ಮೇಲಿನಿಂದ ಕೆಳಕ್ಕೆ. ನಮ್ಮ ಮನೆಯಲ್ಲಿ ಇವತ್ತಿಗೂ ಅದೊಂದು ಸಲಾಕೆ ಮಾತ್ರ ತಿರುಗಾಮುರುಗಾ ಇದೆ. ಅದಕ್ಕೆ ಏನು ಹೆಸರು ಕೊಡಬೇಕೋ ನೀವೇ ಕೊಡಿ. ನಾನಂತೂ ಅದನ್ನು ರೋಗದ ಲಕ್ಷಣ ಎಂದು ಬರೆಯಲಾರೆ.

ಬಾದಾಮಿಯ ಒಬ್ಬ ಹುಡುಗಿ, ಹದಿನಾಲ್ಕು ವರ್ಷ. ಮಾತು ಕೆಲವೇ ಶಬ್ದ. ಅವಳು ಮೆಟ್ಟಿಲುಗಳನ್ನು ಮಾತ್ರ ಬರೆಯುತ್ತಾಳೆ. ನೋಟ್‌ಬುಕ್ಕಿನ ತುಂಬ ಮೆಟ್ಟಿಲು. ಅಗಸ್ತ್ಯ ತೀರ್ಥದ ದಂಡೆಯ ಮೆಟ್ಟಿಲುಗಳು ಅವು, ಅಲ್ಲಿ ಅವಳ ತಾಯಿ ಬಟ್ಟೆ ಒಗೆಯುತ್ತಾರೆ. ಗುಡಿ ಇಲ್ಲ, ಗುಹೆ ಇಲ್ಲ, ಜನ ಇಲ್ಲ. ಶಾಲೆಯಲ್ಲಿ "ಬೇರೆ ಚಿತ್ರ ತೆಗಿ" ಎಂದು ಎಷ್ಟೋ ಸಲ ಹೇಳಿದರು. ನಾನು ಅವಳ ಮೂರು ನೋಟ್‌ಬುಕ್ ಕೇಳಿ ಮನೆಗೆ ತಂದು ನೋಡಿದೆ. ಪ್ರತಿ ಹಾಳೆಯಲ್ಲೂ ಒಂದು ಮೆಟ್ಟಿಲನ್ನು ಪೆನ್ಸಿಲ್ ಒತ್ತಿ ಕಪ್ಪಾಗಿಸಿದ್ದಾಳೆ. ಆ ಮೆಟ್ಟಿಲು ಹಾಳೆಯಿಂದ ಹಾಳೆಗೆ ಬದಲಾಗುತ್ತದೆ. ತಾಯಿಯನ್ನು ಕೇಳಿದೆ. ಅವರು ನೋಡಿ ನಕ್ಕರು. "ನೀರ್ ಎಲ್ಲಿತನ ಬಂದೈತಿ ಅಂತ ರೀ ಅದು. ಮಳಿಗಾಲಕ ಮ್ಯಾಲ ಬರ್ತೈತಿ, ಬ್ಯಾಸಿಗ್ಯಾಗ ಕೆಳಗ ಹೋಗ್ತೈತಿ." ಪ್ರವಾಸಿಗರು ದಿನಕ್ಕೆ ಎಷ್ಟೋ ಫೋಟೋ ತೆಗೆದುಕೊಂಡು ಹೋಗುವ ಆ ಕೆರೆಯಲ್ಲಿ ನೀರಿನ ಗೆರೆಯನ್ನು ದಿನವೂ ಗಮನಿಸಿದವಳು ಈ ಹುಡುಗಿ.

ಇನ್ನೊಬ್ಬ ಹುನಗುಂದದ ಹುಡುಗ, ಒಂಬತ್ತು ವರ್ಷ. ಅವನ ಮನೆ ಬಸ್‌ಸ್ಟ್ಯಾಂಡಿನ ಹತ್ತಿರ. ಅವನಿಗೆ ಬರುವ ಮಾತೆಲ್ಲ ಕಂಡಕ್ಟರುಗಳದು. ಹೊರಗೆ ಹೋಗಬೇಕೆನಿಸಿದರೆ "ಅಮೀನಗಡ, ಅಮೀನಗಡ, ಬಾಗಲಕೋಟಿ" ಎನ್ನುತ್ತಾನೆ. ಊಟ ಸಾಕಾದರೆ "ರೈಟ್ ರೈಟ್". ಮನೆಯಲ್ಲಿ ಜನ ಹೆಚ್ಚಾದರೆ "ಹಿಂದ ಸರೀರಿ, ಹಿಂದ ಸರೀರಿ". ಪುಸ್ತಕದ ಭಾಷೆಯಲ್ಲಿ ಇದನ್ನು ಮಾತಿನ ಪ್ರತಿಧ್ವನಿ ಎನ್ನುತ್ತಾರೆ, ಕೇಳಿದ್ದನ್ನೇ ಮತ್ತೆ ಹೇಳುವುದು. ಹಿಂದೆ ಇದನ್ನು ನಿಲ್ಲಿಸಬೇಕು ಎನ್ನುತ್ತಿದ್ದರು. ಈಗ ನಮಗೆ ಕಲಿಸುವುದು, ಆ ಮಾತಿಗೆ ಮಗು ಏನು ಅರ್ಥ ಕೊಟ್ಟಿದೆ ಎಂದು ಹುಡುಕಿ ಅಂತ. ಅವನ ಅಜ್ಜ ಇದನ್ನು ಯಾರೂ ಕಲಿಸದೇ ಕಂಡುಕೊಂಡಿದ್ದರು. ಸಂಜೆ ಮೊಮ್ಮಗನನ್ನು ಕರೆದುಕೊಂಡು ಹೊರಟಾಗ "ಟಿಕೆಟ್ ಟಿಕೆಟ್" ಎಂದು ಕೈ ಚಾಚುತ್ತಾರೆ. ಹುಡುಗ ಒಂದು ಎಲೆ ಹರಿದು ಕೊಡುತ್ತಾನೆ. ನಾನು ಓದಿ ಪಾಸಾದ ಪಾಠವನ್ನು ಆ ಅಜ್ಜ ರಸ್ತೆಯಲ್ಲಿ ದಿನವೂ ಮಾಡುತ್ತಿದ್ದಾರೆ.

ನಮ್ಮ ಕರ್ನಾಟಕದಲ್ಲಿ ಬೆಳೆದು ಹೊರಗಿನ ಜಗತ್ತಿಗೆ ಹೆಸರಾದ ಒಬ್ಬರ ಬಗ್ಗೆಯೂ ಹೇಳಲೇಬೇಕು. ಟೀಟೋ ರಾಜರ್ಷಿ ಮುಖೋಪಾಧ್ಯಾಯ. ಬಂಗಾಳಿ ಕುಟುಂಬ, ಆದರೆ ಬಾಲ್ಯ ಕಳೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಮಾತು ಬಹುತೇಕ ಬಾರದ ಹುಡುಗ. ತಾಯಿ ಸೋಮಾ ಅವರು ಅಕ್ಷರಗಳ ಹಲಗೆ ತೋರಿಸಿ, ಪೆನ್ಸಿಲ್ ಹಿಡಿಸಿ ಕಲಿಸಿದರು. ಎಂಟರಿಂದ ಹನ್ನೊಂದು ವರ್ಷದ ನಡುವೆ ಅವನು ಬರೆದದ್ದು 2000ದಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾಯಿತು, ಬಿಬಿಸಿಯವರು ಅವನ ಮೇಲೆ ಚಿತ್ರ ಮಾಡಿದರು. ಮುಂದಿನ ವರ್ಷ ತಾಯಿ ಮಗ ಅಮೆರಿಕಕ್ಕೆ ಹೋದರು. ಆ ಬರಹದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು, ತಾನು ಫ್ಯಾನಿನ ಹಾಗೆ ಗಿರಗಿರ ತಿರುಗುವುದಕ್ಕೆ ಕೊಟ್ಟ ಕಾರಣ. ತನ್ನ ದೇಹ ಚೂರುಚೂರಾಗಿ ಬೇರೆಯಾಗಿದ್ದಂತೆ ಅನಿಸುತ್ತದೆ, ತಿರುಗಿದಾಗ ಅದು ಒಂದಾಗಿ ಕೂಡಿದಂತಾಗುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಮಗು ತಿರುಗಿದರೆ ಕೈ ಹಿಡಿದು ಕೂರಿಸುವ ನಾವು ಈ ಕಾರಣವನ್ನು ಊಹಿಸಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸೋಮಾ ಅವರು ಅಮೆರಿಕದಲ್ಲಿ ಇದೇ ವಿಧಾನವನ್ನು ಬೇರೆ ಮಕ್ಕಳಿಗೂ ಕಲಿಸತೊಡಗಿದರು. ಅಕ್ಷರದ ಹಲಗೆಯನ್ನು ದೊಡ್ಡವರು ಹಿಡಿದಿರುವಾಗ ಬರುವ ಮಾತು ಮಗುವಿನದೋ ಹಲಗೆ ಹಿಡಿದವರದೋ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ವಾಕ್ ಚಿಕಿತ್ಸಕರ ಸಂಘ 2018ರಲ್ಲಿ ಈ ವಿಧಾನ ಬೇಡ ಎಂದು ಹೇಳಿಕೆ ಕೊಟ್ಟಿತು. ಟೀಟೋ ಸ್ವಂತ ಕೈಯಿಂದ ಬರೆಯುತ್ತಾರೆ, ಆದ್ದರಿಂದ ಅವರ ವಿಷಯ ಬೇರೆ ಎನ್ನುವವರೂ ಇದ್ದಾರೆ. ನಮ್ಮ ಪಾಲಕರಿಗೆ ನಾನು ಹೇಳುವುದಿಷ್ಟೇ. ಮಾತು ಬಾರದ ಮಗುವಿನ ಒಳಗೆ ಏನೂ ಇಲ್ಲ ಎನ್ನಬೇಡಿ. ಹಾಗೆಯೇ, ನಿಮ್ಮ ಮಗನ ಒಳಗೆ ಒಬ್ಬ ಕವಿ ಇದ್ದಾನೆ, ಇಷ್ಟು ಸಾವಿರ ಕೊಡಿ ಹೊರಗೆ ತೆಗೆಯುತ್ತೇವೆ ಎಂದು ಯಾರಾದರೂ ಬಂದರೆ ಅದನ್ನೂ ನಂಬಬೇಡಿ. ಚಿತ್ರದ ಕಾರ್ಡು, ಸನ್ನೆ, ಮೊಬೈಲಿನಲ್ಲಿ ಚಿತ್ರ ಒತ್ತಿ ಮಾತಾಡಿಸುವ ಆ್ಯಪ್, ಇವು ಮಗು ತಾನೇ ಕೈಯಿಟ್ಟು ತೋರಿಸುವಂಥವು. ಅಲ್ಲಿಂದ ಶುರು ಮಾಡಿ.

ಅಮೀನಗಡದ ಕುರಿ ಸಂತೆ ನೋಡಿದವರಿಗೆ ಇನ್ನೊಂದು ಹೆಸರು ಹೇಳುತ್ತೇನೆ, ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಹುಟ್ಟಿದ ಅಮೆರಿಕದ ಹೆಣ್ಣುಮಗಳು. ನಾಲ್ಕು ವರ್ಷ ಹತ್ತಿರ ಬರುವವರೆಗೂ ಮಾತಾಡಲಿಲ್ಲ. ಮುಂದೆ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿ ವಿಜ್ಞಾನದ ಪ್ರಾಧ್ಯಾಪಕಿಯಾದರು. ದನಗಳು ಓಣಿಯಲ್ಲಿ ಹೋಗುವಾಗ ಯಾಕೆ ಗಕ್ಕನೆ ನಿಲ್ಲುತ್ತವೆ ಎಂದು ಯಾರಿಗೂ ತಿಳಿಯದಿದ್ದಾಗ, ಇವರು ದನದ ಎತ್ತರಕ್ಕೆ ಬಗ್ಗಿ ಆ ಓಣಿಯಲ್ಲೇ ನಡೆದು ನೋಡಿದರು. ನೆಲದ ಮೇಲೆ ಬಿದ್ದ ನೆರಳು, ತೂಗಾಡುವ ಸರಪಳಿ, ಬೇಲಿಗೆ ನೇತು ಹಾಕಿದ ಅಂಗಿ, ಇವುಗಳಿಗೆ ದನ ಬೆದರುತ್ತಿದ್ದವು. ಅವರಿಗೆ ಅದು ಕಂಡಿತು, ಏಕೆಂದರೆ ಅಂಥ ಸಣ್ಣ ಸಂಗತಿಗಳು ಅವರನ್ನೂ ಜೀವನಪೂರ್ತಿ ಕಾಡಿದ್ದವು. ಅವರು ರೂಪಿಸಿದ ಬಾಗಿದ ಓಣಿಗಳು ಅಮೆರಿಕದ ದನದ ಕೊಟ್ಟಿಗೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ನಮ್ಮ ಮಕ್ಕಳೆಲ್ಲ ಪ್ರಾಧ್ಯಾಪಕರಾಗುತ್ತಾರೆ ಎಂದು ಹೇಳಲು ಈ ಕತೆ ಹೇಳಲಿಲ್ಲ. ನಮಗೆ ಕಾಣದ್ದು ಅವರಿಗೆ ಕಾಣುತ್ತದೆ, ಮತ್ತು ಅದೇ ಕಾರಣಕ್ಕೆ ಅವರಿಗೆ ನೋವೂ ಆಗುತ್ತದೆ. ಎರಡೂ ಒಂದೇ ನಾಣ್ಯ.

ಆ ನೋವಿನ ವಿಷಯಕ್ಕೆ ಬರುತ್ತೇನೆ, ಅದರಲ್ಲಿ ದಿನನಿತ್ಯದ ಜೀವನ ಇದೆ. ಬಾಗಲಕೋಟೆಯ ಹೋಳಿ ಹಲಗೆಗೆ ಹೆಸರಾದದ್ದು. ಊರಿಗೆ ಅದು ಸಡಗರ. ನನ್ನ ಇಬ್ಬರು ವಿದ್ಯಾರ್ಥಿಗಳು ಆ ದಿನಗಳಲ್ಲಿ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಇರುತ್ತಾರೆ. ಬನಶಂಕರಿ ಜಾತ್ರೆಯ ತೊಟ್ಟಿಲು, ನಾಟಕದ ಮೈಕು, ಮದುವೆಯ ಬ್ಯಾಂಡು, ಎಲ್ಲ ಹಾಗೆಯೇ. ನನ್ನ ತಮ್ಮನಿಗೆ ಕೈಮಗ್ಗದ ಸಪ್ಪಳದಲ್ಲಿ ನಿದ್ದೆ ಬರುತ್ತದೆ, ಪವರ್‌ಲೂಮ್ ಇರುವ ಓಣಿಯಲ್ಲಿ ಕಾಲಿಡುವುದಿಲ್ಲ. ನಮಗೆ ಎರಡೂ ಮಗ್ಗದ ಸಪ್ಪಳವೇ.

ಮಸೀದಿಯಲ್ಲಿ ಅವನಿಗೆ ಇಷ್ಟವಾದ ಜಾಗ ವಜೂಖಾನೆ. ನಳದ ನೀರು ಬೆರಳಿನ ನಡುವೆ ಸೀಳುವುದನ್ನು ಎಷ್ಟು ಹೊತ್ತಾದರೂ ನೋಡುತ್ತಾನೆ. ಶುಕ್ರವಾರ ಜನ ಸಾಲುಗಟ್ಟಿ ನಿಂತಿರುವಾಗ ಇದರಿಂದ ಸಿಟ್ಟಿಗೇಳುವವರೂ ಇದ್ದರು. ಒಬ್ಬ ಹಿರಿಯರು ಒಂದು ಉಪಾಯ ಹುಡುಕಿದರು. ಕೊನೆಯ ನಳ ಅವನದು, ಜುಮಾಕ್ಕೆ ಅರ್ಧ ತಾಸು ಮೊದಲು ಬರಲಿ, ಜಮಾತಿನಲ್ಲಿ ಹಿಂದಿನ ಸಾಲಿನ ಬಾಗಿಲ ಪಕ್ಕ ನಿಲ್ಲಲಿ, ಬೇಕಾದರೆ ಎದ್ದು ಹೋಗಲಿ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ರಮಜಾನ್ ಮಾತ್ರ ಕಷ್ಟ. ಊಟದ ಹೊತ್ತು, ನಿದ್ದೆಯ ಹೊತ್ತು, ಅಂಗಡಿಯ ದೀಪ ಎಲ್ಲ ಒಮ್ಮೆಲೇ ಬದಲಾಗುತ್ತವೆ. ಅದಕ್ಕೆ ನಮ್ಮ ತಾಯಿ ಒಂದು ವಾರ ಮೊದಲೇ ಗೋಡೆಯ ಮೇಲೆ ಚಂದ್ರನ ಚಿತ್ರ ಅಂಟಿಸಿ, ಪ್ರತಿದಿನ ಒಂದೊಂದು ಗೆರೆ ಅಳಿಸುತ್ತಾರೆ. ಬದಲಾವಣೆ ಬರುತ್ತದೆ ಎಂದು ಮೊದಲೇ ಕಂಡರೆ ಅವನು ತಡೆದುಕೊಳ್ಳುತ್ತಾನೆ.

ತಾಯಂದಿರ ಬಗ್ಗೆ ಒಂದು ಮಾತು. 1960ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡವರೇ, ತಾಯಿ ಪ್ರೀತಿ ಕೊಡದ್ದಕ್ಕೆ ಮಗುವಿಗೆ ಹೀಗಾಯಿತು ಎಂದು ಬರೆದರು. ಅದು ಸುಳ್ಳು ಎಂದು ಬಹಳ ಹಿಂದೆಯೇ ತೀರ್ಮಾನವಾಗಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು 1998ರಲ್ಲಿ ಒಂದು ಲೇಖನ ಬಂತು, ಪ್ರಕಟಿಸಿದ ಪತ್ರಿಕೆಯೇ ಅದನ್ನು 2010ರಲ್ಲಿ ಹಿಂದಕ್ಕೆ ಪಡೆಯಿತು. ನಮ್ಮ ಊರಲ್ಲಿ ಮಾತ್ರ ಸೊಸೆಯ ಮೇಲಿನ ಆರೋಪ ಇನ್ನೂ ಹಿಂದಕ್ಕೆ ಹೋಗಿಲ್ಲ. ಬಸುರಿನಲ್ಲಿ ಗ್ರಹಣ ನೋಡಿದಳು, ಮಗುವಿಗೆ ಮೊಬೈಲ್ ಕೊಟ್ಟಳು, ಕೆಲಸಕ್ಕೆ ಹೋದಳು. ಇದರಿಂದ ಕುಗ್ಗಿದ ತಾಯಿ ಮಾಂಗಲ್ಯದ ಸರ ಅಡವಿಟ್ಟಾದರೂ "ಪೂರ್ತಿ ಗುಣ" ಎಂದು ಬೋರ್ಡು ಹಾಕಿದವರ ಹತ್ತಿರ ಓಡುತ್ತಾಳೆ. ಆಟಿಸಂ ಅನ್ನು ಗುಣಪಡಿಸುವ ಔಷಧ ಇಲ್ಲ. ಚಿಕ್ಕ ವಯಸ್ಸಿನಲ್ಲಿ ಮಾತಿನ ಮತ್ತು ದಿನಚರಿಯ ತರಬೇತಿ ಶುರುವಾದರೆ ಮಗುವಿಗೆ ಬಹಳ ಅನುಕೂಲವಾಗುತ್ತದೆ. ಹಣ ಅಲ್ಲಿಗೆ ಹೋಗಲಿ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಸರ್ಕಾರದವು. ದೂರ ಎನ್ನುವುದು ನಿಜ. ಆದರೆ ಒಮ್ಮೆ ಹೋಗಿ ಬಂದರೆ ಮನೆಯಲ್ಲಿ ಏನು ಮಾಡಬೇಕೆಂದು ಬರೆದು ಕೊಡುತ್ತಾರೆ.

ಈಗ ಪ್ರಮಾಣಪತ್ರ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆ ಮಾತ್ರ ಇದ್ದವು, ಆಟಿಸಂ ಇರಲಿಲ್ಲ. ಆದ್ದರಿಂದ ಹಳೆಯ ಮಕ್ಕಳ ಕಾಗದದಲ್ಲಿ "ಬುದ್ಧಿಮಾಂದ್ಯ" ಎಂದೇ ಇರುತ್ತದೆ, ನನ್ನ ತಮ್ಮನ ಮೊದಲ ಕಾಗದದಲ್ಲೂ ಹಾಗೇ ಇತ್ತು. 2016ರ ಹೊಸ ಕಾಯ್ದೆಯಲ್ಲಿ ಇಪ್ಪತ್ತೊಂದು ಬಗೆಗಳಿವೆ, ಅದರಲ್ಲಿ ಆಟಿಸಂಗೆ ಅದರದೇ ಹೆಸರಿದೆ. ಹಳೆಯ ಕಾಗದ ಇದ್ದವರು ಹೊಸದಾಗಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡು ಪಡೆಯಿರಿ. ತಪಾಸಣೆಯಲ್ಲಿ ನಲವತ್ತು ಪ್ರಶ್ನೆಗಳ ಒಂದು ಪಟ್ಟಿ ಇರುತ್ತದೆ. ಇಲ್ಲಿ ನಮ್ಮ ತಾಯಂದಿರು ಮಾಡುವುದೇನೆಂದರೆ, ಡಾಕ್ಟರ ಮುಂದೆ ಮಗುವಿನ ಮಾನ ಕಾಯಲು ಹೋಗುತ್ತಾರೆ. ರಾತ್ರಿ ನಿದ್ದೆ ಮಾಡ್ತಾನಾ ಎಂದರೆ "ಮಾಡ್ತಾನ್ರಿ". ತನ್ನನ್ನು ತಾನು ಹೊಡ್ಕೊಳ್ತಾನಾ ಎಂದರೆ "ಇಲ್ರಿ, ಭಾಳ ಶಾಣ್ಯಾ ಅದಾನ". ಹಾಗೆ ಮಾಡಬೇಡಿ. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಶೇಕಡಾ 40 ಬಂದರೆ ಮಾತ್ರ ಮುಂದಿನ ಬಾಗಿಲುಗಳು ತೆರೆಯುತ್ತವೆ.

ಏನೇನು ಬಾಗಿಲು? 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5 ಮೀಸಲು, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಯೋಜನೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಅದರಲ್ಲಿ ತರಬೇತಿಯ ಖರ್ಚಿಗೂ ಒಂದು ಪಾಲಿದೆ. ಮಗುವಿಗೆ 18 ತುಂಬಿದ ಮೇಲೆ ಬ್ಯಾಂಕು, ಆಸ್ತಿಯ ವ್ಯವಹಾರಕ್ಕೆ ಪಾಲಕತ್ವ ಬೇಕಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ತಾಲೂಕಿನ ಬಿಇಒ ಕಚೇರಿಯಲ್ಲಿ ವಿಶೇಷ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕೇಳಿ. ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯ, ಬರೆದು ಕೊಡುವವರ ಸಹಾಯ ಬೇಕಾದರೆ ಪರೀಕ್ಷೆಯ ದಿನ ಕೇಳಿದರೆ ಆಗದು, ಶಾಲೆಯ ಮೂಲಕ ಮೊದಲೇ ಬರೆಯಬೇಕು.

ಇನ್ನು ಟ್ರಸ್ಟಿನ ಹಿರಿಯರಿಗೆ ಒಂದು ಅರಿಕೆ. ನಮ್ಮ ಅರ್ಜಿ ನಮೂನೆಯಲ್ಲಿ ಹೆಸರು, ವಿಳಾಸ ಆದ ಕೂಡಲೇ ಬರುವ ಕಾಲಂ "ಕಳೆದ ಪರೀಕ್ಷೆಯ ಶೇಕಡಾ ಅಂಕ". ಅದರ ಕೆಳಗೆ "ಹಾಜರಾತಿ". ಆ ನಮೂನೆಯಿಂದಲೇ ನಾನು ಇಲ್ಲಿ ನಿಂತಿದ್ದೇನೆ, ಅದನ್ನು ಹಳಿಯುವುದಿಲ್ಲ. ಆದರೆ ಆ ಎರಡು ಕಾಲಂ ದಾಟಿ ಬಾದಾಮಿಯ ಆ ಮೆಟ್ಟಿಲಿನ ಹುಡುಗಿ ಎಂದೂ ಬರಲಾರಳು. ಹುನಗುಂದದ ಹುಡುಗ ಬರಲಾರ. ಅವರಿಗೆ ಬಹುಮಾನ ಬೇಡ, ಚಿತ್ರಕಲಾ ಸ್ಪರ್ಧೆ ಇಟ್ಟು ವೇದಿಕೆಗೆ ಕರೆಯುವುದೂ ಬೇಡ. ವೇದಿಕೆ ಅವರಿಗೆ ಶಿಕ್ಷೆ. ಅವರಿಗೆ ಬೇಕಾದದ್ದು ಬಸ್ಸಿನ ಹಣ. ಇಳಕಲ್‌ನಿಂದ ಬಾಗಲಕೋಟೆಗೆ ವಾರಕ್ಕೆ ಎರಡು ಸಲ ತರಬೇತಿಗೆ ಬಂದು ಹೋಗುವ ತಾಯಿಗೆ ಎರಡು ದಿನದ ಕೂಲಿ ಹೋಗುತ್ತದೆ. ಮೂರನೆಯ ತಿಂಗಳಿಗೆ ನಿಲ್ಲಿಸುತ್ತಾರೆ. ಮಗು ಸುಧಾರಿಸಲಿಲ್ಲ ಎಂದಲ್ಲ, ಕೂಲಿ ಬಿಡಲಾಗದೆ. ಈ ಹಣ ಯಾವ ಬಾಬ್ತಿನಿಂದ ಕೊಡಬಹುದು, ಜಕಾತ್ ಹಣವೋ ಸದಖಾ ಹಣವೋ ಎಂಬುದನ್ನು ಆಲಿಮರು ಹೇಳಲಿ, ಅದು ನನ್ನ ಕೆಲಸವಲ್ಲ.

ಇನ್ನೊಂದು ಕಾಲಂ ಕೂಡ ಬೇಕು. "ಮನೆಯಲ್ಲಿ ಅಂಗವಿಕಲ ಸಹೋದರ, ಸಹೋದರಿ ಇದ್ದಾರೆಯೇ?" ಇದನ್ನು ಯಾರೂ ಕೇಳುವುದಿಲ್ಲ. ತಾಯಿ ಆಸ್ಪತ್ರೆಗೆ ಹೋದ ದಿನ ಶಾಲೆ ಬಿಟ್ಟು ಮನೆ ನೋಡಿಕೊಳ್ಳುವುದು ಅಕ್ಕ. ತಮ್ಮ ರಾತ್ರಿ ಮೂರು ಗಂಟೆಗೆ ಎದ್ದು ಕೂತರೆ ಜೊತೆ ಕೂರುವುದು ಅಕ್ಕ. ಅವಳ ಹಾಜರಾತಿ ಶೇಕಡಾ 70 ಇದ್ದರೆ ಅದು ಸೋಮಾರಿತನದ 70 ಅಲ್ಲ. ಇವತ್ತು ಮುಂದೆ ಕೂತಿರುವ ಮಕ್ಕಳಲ್ಲಿ ಅಂಥವರು ಒಬ್ಬಿಬ್ಬರಾದರೂ ಇದ್ದಾರೆ, ನನಗೆ ಮುಖ ನೋಡಿದರೆ ತಿಳಿಯುತ್ತದೆ.

ಅಧ್ಯಕ್ಷರು ಈ ಎರಡು ಕಾಲಂಗಳ ವಿಷಯವನ್ನು ಮುಂದಿನ ಸಭೆಯಲ್ಲಿ ಇಡುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ಹಳೆಯ ನಮೂನೆಯಲ್ಲೇ, ಹಿಂಬದಿಯ ಖಾಲಿ ಜಾಗದಲ್ಲಿ ನಿಮ್ಮ ಮಗುವಿನ ವಿಷಯ ಬರೆದು ಕೊಡಿ. ಬರೆಯಲು ಬಾರದವರು ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಟ್ರಸ್ಟಿನ ಕಚೇರಿಗೆ ಬನ್ನಿ, ನಾನು ಕೂತಿರುತ್ತೇನೆ. ಆಧಾರ್, ಜನನ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಹಳೆಯ ಆಸ್ಪತ್ರೆಯ ಚೀಟಿಗಳು, ಮಗುವಿನ ಎರಡು ಫೋಟೋ ತನ್ನಿ. ಮಗುವನ್ನೂ ಕರೆತನ್ನಿ. ಒಳಕೋಣೆಯಲ್ಲಿ ಟ್ಯೂಬ್‌ಲೈಟ್ ತೆಗೆಸಿ ಬಲ್ಬು ಹಾಕಿಸಿದ್ದೇವೆ, ಸಪ್ಪಳ ಮಾಡುತ್ತಿದ್ದ ಫ್ಯಾನಿಗೆ ಎಣ್ಣೆ ಬಿಟ್ಟಿದ್ದೇವೆ. ಚೀರಿದರೂ, ಓಡಾಡಿದರೂ ಯಾರೂ ಏನೂ ಅನ್ನುವುದಿಲ್ಲ.